ಮೆಣಸಿನ ಮಿಲ್ಲು ಮತ್ತು ಮಂಗಳ ಗ್ರಹ

ಎಲ್ಲರಿಗೂ ಒಂದೊಂದು ಹುಚ್ಚು ಇರುತ್ತದೆ. ಆದರೆ ಕೆಲವರ ಹುಚ್ಚಿನಿಂದ ಊರಿಗೆ ಉಪಕಾರವಾಗುತ್ತದೆ. ನಮ್ಮ ಪಕ್ಕದ ಮನೆಯ ಲೀಲಕ್ಕನಿಗೆ ಉಪ್ಪಿನಕಾಯಿಯ ಹುಚ್ಚು, ಇಡೀ ಬೀದಿಗೆ ಲಾಭ. ನಮ್ಮವರಿಗೆ ಯಕ್ಷಗಾನದ ಹುಚ್ಚು. ಅದರಿಂದ ಮನೆಗೆ ಕವಡೆಯಷ್ಟೂ ಲಾಭವಿಲ್ಲ ನಿಜ, ಆದರೆ ಆಟ ನೋಡಿ ಬಂದ ಮರುದಿನ ಅವರು ಮಧ್ಯಾಹ್ನದವರೆಗೆ ಮಲಗುವುದರಿಂದ ನನಗೆ ಸ್ವಲ್ಪ ನೆಮ್ಮದಿ. ನನ್ನ ಹುಚ್ಚು ಮಾತ್ರ ಯಾರಿಗೂ ಬೇಡದ್ದು. ನನಗೆ ಗ್ರಹಗಳ ಹುಚ್ಚು. ಜಾತಕದ ಗ್ರಹಗಳಲ್ಲ, ಆಕಾಶದವು.

ಇದನ್ನು ನನಗೆ ಹಿಡಿಸಿದ್ದು ಕಾನ್ವೆಂಟಿನ ಒಬ್ಬ ಸಿಸ್ಟರ್. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಹಾಸ್ಟೆಲಿನ ತಾರಸಿಗೆ ಕರೆದುಕೊಂಡು ಹೋಗಿ, ಕೊಡೆಯ ತುದಿಯಿಂದ ಆಕಾಶ ತೋರಿಸುತ್ತಿದ್ದರು. "ಆ ಕೆಂಪು ಚುಕ್ಕಿ ನೋಡು, ನಕ್ಷತ್ರದ ಹಾಗೆ ಮಿನುಗುವುದಿಲ್ಲ. ಮಿನುಗದೆ ಇರುವವರನ್ನು ನಂಬಬಹುದು," ಎಂದಿದ್ದರು. ಕಾನ್ವೆಂಟಿನಲ್ಲಿ ನಾನು ಕಲಿತದ್ದು ಎರಡೇ: ಕಸೂತಿ ಮತ್ತು ಮಂಗಳ. ಮದುವೆಯಾಗಿ ಬಿ.ಸಿ.ರೋಡಿಗೆ ಬಂದಾಗ ಕಸೂತಿಗೆ ಕೂಡಲೇ ಕೆಲಸ ಸಿಕ್ಕಿತು. ಚಾವಡಿಯ ರೇಡಿಯೋಗೆ ಗುಲಾಬಿ ಹೂಗಳ ಮುಸುಕು ಹಾಕಿದೆ. ಮಂಗಳಕ್ಕೆ ಕೆಲಸ ಸಿಗಲಿಲ್ಲ. ಒಗೆದ ಬಟ್ಟೆ ತೆಗೆಯಲು ಸಂಜೆ ಅಂಗಳಕ್ಕೆ ಹೋದವಳು ಮೇಲೆ ನೋಡುತ್ತಾ ನಿಂತರೆ ಅತ್ತೆ ಒಳಗಿನಿಂದ, "ಏನು ಮಗಾ, ತಾಯಿ ಮನೆ ನೆನಪಾಯಿತಾ?" ಎಂದು ಕೇಳುತ್ತಿದ್ದರು. ಪಾಪ, ನನ್ನನ್ನು ನಾಲ್ಕು ದಿನ ಅಲ್ಲಿಗೆ ಕಳುಹಿಸುವ ಯೋಚನೆಯನ್ನೂ ಮಾಡುತ್ತಿದ್ದರು. ಹಾಗಾಗಿ ನಾನೂ ಅವರ ತಪ್ಪನ್ನು ತಿದ್ದಲು ಹೋಗಲಿಲ್ಲ.

ಎಪ್ಪತ್ತಾರರ ಜುಲೈ, ನಮ್ಮ ಆಟಿ ತಿಂಗಳಲ್ಲಿ, ಅಮೆರಿಕದವರು ಕಳಿಸಿದ ಯಂತ್ರವೊಂದು ಮಂಗಳನ ಮೇಲೆ ಇಳಿಯುತ್ತದೆ ಎಂದು ಪತ್ರಿಕೆಯಲ್ಲಿ ಬಂತು. ಮನುಷ್ಯರಿಲ್ಲದ, ಮೂರು ಕಾಲಿನ ಯಂತ್ರ. ದಾರಿ ಹೇಳುವವರು ಯಾರೂ ಇಲ್ಲದೆ ತಾನಾಗಿಯೇ ಇಳಿಯಬೇಕು. ಅಡುಗೆಮನೆಯಲ್ಲಿ ಅದನ್ನು ಓದಿ ನನ್ನ ಕೈಯ ಸೌಟು ಸಾರಿನಲ್ಲೇ ನಿಂತಿತು. ಟಿ.ವಿ. ಎನ್ನುವುದು ಆಗ ನಮ್ಮ ಕಡೆ ಹೆಸರಿಗೂ ಇರಲಿಲ್ಲ. ಆದರೆ ವಿದೇಶದ ಒಂದು ಶಾರ್ಟ್‌ವೇವ್ ಕೇಂದ್ರ ಇಳಿಯುವುದನ್ನು ಆಗಿಂದಾಗಲೇ ಹೇಳುತ್ತದಂತೆ. ನಮ್ಮ ಗಡಿಯಾರದಲ್ಲಿ ಸಂಜೆ ಐದು ದಾಟಿದ ಮೇಲೆ. ಅದೂ ಮಂಗಳವಾರ!

"ಮಂಗಳಕ್ಕೆ ಮಂಗಳವಾರವೇ ಹೋಗುವುದಾ? ಒಳ್ಳೆಯದಾಯಿತು," ಎಂದರು ನಮ್ಮವರು. "ನಿನಗೆ ಮಂಗಳದ ದಾರಿ ಗೊತ್ತು. ಬೆಳ್ತಂಗಡಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಮಾತ್ರ ಇನ್ನೂ ಗೊತ್ತಿಲ್ಲ."

ಅತ್ತೆ ನಗಲಿಲ್ಲ. ಅವರಿಗೆ ಮಂಗಳ ಎಂದರೆ ಕುಜ. ಕುಜನ ಮೇಲೆ ಅವರಿಗೆ ಹಳೆಯ ಸಿಟ್ಟು. ನನ್ನ ನಾದಿನಿ ವಾಸಂತಿಯ ಜಾತಕದಲ್ಲಿ ಕುಜ ದೋಷ ಇದ್ದದ್ದರಿಂದ ಬೆಳುವಾಯಿಯ ಕಡೆಯಿಂದ ಹಿಡಿದು ಚಾರ್ಮಾಡಿಯವರೆಗೆ ಎಷ್ಟೋ ಗಂಡಿನವರು ಬಂದು, ಕಾಫಿ ಕುಡಿದು, ಜಾತಕ ನೋಡಿ ಎದ್ದು ಹೋಗಿದ್ದರು. ಕೊನೆಗೆ ಅದೇ ದೋಷ ಇರುವ ಒಬ್ಬ ಮೇಷ್ಟ್ರು ಸಿಕ್ಕಿ, ಎರಡು ದೋಷಗಳು ಈಗ ಸುಖವಾಗಿ ಸಂಸಾರ ಮಾಡುತ್ತಿದ್ದವು. ಆದರೂ ಅತ್ತೆಯ ಮನಸ್ಸು ಕುಜನನ್ನು ಕ್ಷಮಿಸಿರಲಿಲ್ಲ.

"ಇಳಿಯಲಿ," ಎಂದರು ಅತ್ತೆ, ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ. "ಅವನ ತಲೆಯ ಮೇಲೆ ಯಾರಾದರೂ ಒಮ್ಮೆ ಕಾಲಿಡಬೇಕಿತ್ತು."

ಎಲ್ಲ ಸರಿಯಿತ್ತು, ಒಂದು ಬಿಟ್ಟು. ನಮ್ಮ ಮನೆಗೆ ತಾಗಿಕೊಂಡೇ ಇದಿನಬ್ಬ ಬ್ಯಾರಿಯ ಹಿಟ್ಟಿನ ಮಿಲ್ಲು. ಅದರ ಮೋಟಾರು ತಿರುಗಿದರೆ ನಮ್ಮ ರೇಡಿಯೋದಲ್ಲಿ ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕರಕರ. ಕಾರ್ಯಕ್ರಮ ಹೋಗಲಿ, ಅದು ಯಾವ ಭಾಷೆ ಎಂದೂ ತಿಳಿಯುತ್ತಿರಲಿಲ್ಲ. ಉಳಿದ ದಿನ ಅಕ್ಕಿ, ಗೋಧಿ. ಮಂಗಳವಾರ ಮೆಣಸು ಮಾತ್ರ. ಹಿಟ್ಟಿಗೆ ಖಾರ ತಾಗಬಾರದೆಂದು ಬ್ಯಾರಿ ಮಾಡಿಕೊಂಡ ನಿಯಮ. ಆಟಿಯ ಮಳೆಗೆ ಮೆಣಸಿಗೆ ಬೂಸ್ಟು ಹಿಡಿಯುವ ಮೊದಲು ಹುರಿದು ಹುಡಿ ಮಾಡಿಸಿಬಿಡಬೇಕೆಂದು ಊರಿನ ಹೆಂಗಸರೆಲ್ಲ ಆ ದಿನ ಅಲ್ಲೇ. ಇಡೀ ಬೀದಿ ಸೀನುತ್ತಿತ್ತು. ಬಸ್ಸಿಗೆ ಕಾಯುವವರೂ ಸೀನುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆಯೇ ಮಿಲ್ಲಿಗೆ ಹೋಗಿ ಬ್ಯಾರಿಯಲ್ಲಿ ಕೇಳಿಕೊಂಡೆ. ಅವರು ಮೋಟಾರಿನ ಚರ್ಮದ ಪಟ್ಟಿಗೆ ಮೇಣ ಉಜ್ಜುತ್ತಾ ಗಂಭೀರವಾಗಿ ಕೇಳಿದರು.

"ಅಷ್ಟು ದೂರ ಇಳಿಯುವುದಕ್ಕೆ ನನ್ನ ಮಿಲ್ಲು ಅಡ್ಡ ಬರುತ್ತದಾ ಅಕ್ಕಾ?"

"ಇಳಿಯುವುದಕ್ಕೆ ಅಲ್ಲ ಬ್ಯಾರಿಗಳೇ, ಕೇಳುವುದಕ್ಕೆ."

"ಹಾಗಾದರೆ ತೊಂದರೆ ಇಲ್ಲ. ನೀವು ಹೇಳಿದ ಹೊತ್ತಿಗೆ ಒಂದು ಬೀಡಿ ಸೇದಿ ಮುಗಿಯುವವರೆಗೆ ನಿಲ್ಲಿಸುತ್ತೇನೆ. ನಿಧಾನವಾಗಿ ಸೇದುತ್ತೇನೆ."

ಇದಕ್ಕಿಂತ ಹೆಚ್ಚು ಸೌಜನ್ಯವನ್ನು ಯಾವ ದೇಶದ ವಿಜ್ಞಾನ ಇಲಾಖೆಯೂ ತೋರಿಸಲಾರದು. ಸಂಜೆ ತಲೆಗೆ ಹೂ ಮುಡಿದು, ರೇಡಿಯೋದ ಮುಸುಕು ತೆಗೆದು, ಅದರ ಹಸಿರು ದೀಪದ ಕಣ್ಣು ತೆರೆಯುವವರೆಗೆ ಕಾದು ಮುಳ್ಳು ತಿರುಗಿಸಿದೆ. ಅತ್ತೆ ಬತ್ತಿ ಹೊಸೆಯುವ ನೆಪದಲ್ಲಿ ಬಂದು ಕೂತರು. ನಮ್ಮವರು ಆಫೀಸಿನಿಂದ ಬೇಗ ಬರುತ್ತೇನೆಂದು ಹೇಳಿ ಹೋಗಿದ್ದರು. ಹಾಗೆಂದರೆ ಬರುವುದಿಲ್ಲ ಎಂದು ಅರ್ಥ. ಹೇಳಿದ ಹೊತ್ತಿಗೆ ಸರಿಯಾಗಿ ಮಿಲ್ಲು ನಿಂತಿತು. ಕರಕರ ಎಲ್ಲ ಮಾಯ. ಒಬ್ಬ ಗಂಡಸಿನ ಧ್ವನಿ ಸಮುದ್ರದ ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗಿ ಮತ್ತೆ ಹತ್ತಿರ ಬಂತು.

ನಾನು ರೇಡಿಯೋಗೆ ಕಿವಿ ತಾಗಿಸಿ ಕೇಳಿದೆ. ಆ ಮನುಷ್ಯ ಹೇಳಿದ್ದು ಇಷ್ಟು: ಈಗ ಅಲ್ಲಿ ಇಳಿದಿರಬೇಕು, ಅಥವಾ ಒಡೆದು ಹೋಗಿರಬೇಕು, ಯಾವುದೆಂದು ನಮಗೆ ಗೊತ್ತಿಲ್ಲ, ಅಲ್ಲಿಂದ ಸುದ್ದಿ ಹೊರಟು ಭೂಮಿಗೆ ಮುಟ್ಟಲು ಇನ್ನೂ ಇಪ್ಪತ್ತು ನಿಮಿಷದ ಹತ್ತಿರ ಬೇಕು.

ಬೆಳಕಿಗೂ ದಾರಿ ಸವೆಸಲು ಹೊತ್ತು ಬೇಕೆಂದು ಸಿಸ್ಟರ್ ತಾರಸಿಯಲ್ಲಿ ಎಷ್ಟು ಸಲ ಹೇಳಿದ್ದರು! ಚಾರ್ಮಾಡಿಯಿಂದ ಬರುವ ಬಸ್ಸು ತಡವಾಗುತ್ತದೆಂದು ಗೊತ್ತಿರುವ ನನಗೆ, ಮಂಗಳದಿಂದ ಬರುವ ಸುದ್ದಿ ತಡವಾಗುತ್ತದೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಬ್ಯಾರಿಯ ಬೀಡಿ ಮುಗಿಯಿತು. ಮಿಲ್ಲು ಗುಡುಗಿತು. ಆಲಿಕಲ್ಲು ಶುರು.

"ಏನಾಯಿತು? ಸತ್ತನಾ?" ಎಂದರು ಅತ್ತೆ.

"ಯಾರು?"

"ಕುಜ."

"ಈಗ ಬಂದೆ ಅತ್ತೆ, ರೇಡಿಯೋ ಮುಟ್ಟಬೇಡಿ," ಎಂದು ಕೊಡೆಯನ್ನೂ ತೆಗೆದುಕೊಳ್ಳದೆ ಓಡಿದೆ.

ಮಿಲ್ಲಿನೊಳಗೆ ಮೆಣಸಿನ ಡಬ್ಬ ಹಿಡಿದ ಹೆಂಗಸರ ಸಾಲು. ವಿಷಯ ಕೇಳಿ ಬ್ಯಾರಿ ತಲೆ ಕೆರೆದುಕೊಂಡರು. "ಬೀಡಿ ಸೇದಿ ಆಯಿತಲ್ಲ ಅಕ್ಕಾ. ಇನ್ನೊಮ್ಮೆ ನಿಲ್ಲಿಸಿದರೆ ಈ ಹೆಂಗಸರು ನನ್ನನ್ನೇ ಹಾಕಿ ಹುಡಿ ಮಾಡುತ್ತಾರೆ. ಒಂದು ಕೆಲಸ ಮಾಡುವ. ನೀವು ಇಲ್ಲೇ ನಿಲ್ಲಿ. ಇವರಿಗೆ ಉತ್ತರ ನೀವು ಹೇಳಿ. ನೀವು ನಿಂತಷ್ಟು ಹೊತ್ತು ಮಿಲ್ಲೂ ನಿಲ್ಲುತ್ತದೆ."

ನ್ಯಾಯವಾದ ಮಾತು. ಆದರೆ ಅದರ ಅರ್ಥ ನಿಮಗೆ ಆಯಿತಲ್ಲ? ರೇಡಿಯೋ ಕೇಳಬೇಕಾದರೆ ಮಿಲ್ಲು ನಿಲ್ಲಬೇಕು. ಮಿಲ್ಲು ನಿಲ್ಲಬೇಕಾದರೆ ನಾನು ಮಿಲ್ಲಿನಲ್ಲಿ ನಿಲ್ಲಬೇಕು. ಬಿಟ್ಟು ಹೋದರೆ ಯಾರಿಗೂ ಕೇಳುವುದಿಲ್ಲ. ನಿಂತರೆ, ಮಂಗಳನ ಸುದ್ದಿ ನಮ್ಮ ಚಾವಡಿಗೆ ಬರುತ್ತದೆ, ನನಗೆ ಬರುವುದಿಲ್ಲ. ಚಾವಡಿಗಾದರೂ ಬರಲಿ ಎಂದುಕೊಂಡೆ. ಏಕೆ ಹಾಗೆ ಅನ್ನಿಸಿತೋ ಗೊತ್ತಿಲ್ಲ. ಅಷ್ಟು ದೂರದಿಂದ ಬಂದ ನೆಂಟರನ್ನು ಬಾಗಿಲಿನಿಂದ ಹಿಂದೆ ಕಳುಹಿಸಬಾರದು ಎಂದೋ ಏನೋ.

"ನಿಲ್ಲಿಸಿ," ಎಂದೆ.

ಪಟ್ಟಿ ಸುಮ್ಮನಾಯಿತು. ಹೆಂಗಸರು ಸುಮ್ಮನಾಗಲಿಲ್ಲ.

"ಅಲ್ಲಿ ಜನ ಉಂಟಾ?" ಎಂದು ಲೀಲಕ್ಕ ಶುರು ಮಾಡಿದರು.

"ಇಲ್ಲ."

"ನೀರು?"

"ಗೊತ್ತಿಲ್ಲ. ನೋಡಲಿಕ್ಕೇ ಹೋದದ್ದು."

"ಜನ ಇಲ್ಲ, ನೀರು ಉಂಟಾ ಇಲ್ಲವಾ ಗೊತ್ತಿಲ್ಲ. ಅಂಥ ಕಡೆಗೆ ನಾವಾದರೆ ಹೆಣ್ಣು ಕೊಡುತ್ತೇವಾ ಮಾರಾಯ್ತಿ?"

"ಹೆಣ್ಣು ಅಲ್ಲ ಲೀಲಕ್ಕ, ಯಂತ್ರ."

"ಯಂತ್ರವಾದರೂ ಯಾರೋ ಹೆತ್ತದ್ದೇ ಅಲ್ಲವಾ? ಒಂಟಿಯಾಗಿ ಕಳುಹಿಸಿದರಲ್ಲ!"

ಈ ಮಾತಿಗೆ ಇಡೀ ಸಾಲು ಲೊಚಗುಟ್ಟಿತು. ಮೂರು ಕಾಲಿನ ಆ ಯಂತ್ರಕ್ಕಾಗಿ ಬಿ.ಸಿ.ರೋಡಿನಲ್ಲಿ ಇಷ್ಟು ಜನ ಮರುಗಿದ್ದು ಅದನ್ನು ಕಳುಹಿಸಿದವರಿಗೆ ಗೊತ್ತಿದ್ದರೆ ಸಂತೋಷಪಡುತ್ತಿದ್ದರು. ನಾನು ಗೋಡೆಯಾಚೆಗೆ ಕಿವಿಯಿಟ್ಟೆ. ನಮ್ಮ ರೇಡಿಯೋದ ಗುನುಗು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಬ್ಯಾರಿ, ಹೇಗೂ ಮಿಲ್ಲು ನಿಂತಿದೆಯಲ್ಲ, ಸುಮ್ಮನೆ ಕೂರುವುದೇಕೆ ಎಂದು, ಹುಡಿ ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಬಿಚ್ಚಿ ಎರಡು ಸಲ ಚೆನ್ನಾಗಿ ಕೊಡವಿದರು.

ಮುಂದಿನದ್ದು ನಾನು ನೋಡಲಿಲ್ಲ, ಯಾರೂ ನೋಡಲಿಲ್ಲ. ಕೆಂಪು ಮೋಡ. ಸೀನು, ಕೆಮ್ಮು, ಕಣ್ಣೀರು. ಲೀಲಕ್ಕ ನನ್ನ ಸೆರಗಿನಲ್ಲಿ ಮೂಗೊರೆಸಿಕೊಂಡರು. ಆ ಸೀನುಗಳ ನಡುವೆ ಗೋಡೆಯಾಚೆ ಏನೋ ಗದ್ದಲ ಕೇಳಿದಂತಾಯಿತು. ಕಣ್ಣು ಬಿಟ್ಟು ಮನೆಗೆ ಓಡಿ ಬಂದಾಗ ರೇಡಿಯೋದಲ್ಲಿ ಸಂಗೀತ ಬರುತ್ತಿತ್ತು.

ಅತ್ತೆ ಬತ್ತಿ ಹೊಸೆಯುವುದನ್ನು ಮರೆತು ಕೂತಿದ್ದರು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಸೀರೆ ಕೆಂಪು, ಕೂದಲು ಕೆಂಪು, ಮುಡಿದ ಮಲ್ಲಿಗೆಯೂ ಕೆಂಪು.

"ಹೋಗಿ ಬಂದದ್ದು ನೀನೇ ಅಲ್ಲವಾ ಮಗಾ?" ಎಂದರು.

"ಅತ್ತೆ, ಏನಾಯಿತು? ಏನು ಹೇಳಿದರು?"

ಅತ್ತೆಗೆ ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ಒಬ್ಬ ಗಂಡಸು ಮೆಲ್ಲ ಮಾತಾಡ್ತಾ ಇದ್ದ, ಹೆರಿಗೆಯ ಕೋಣೆಯ ಹೊರಗೆ ನಿಂತವನ ಹಾಗೆ. ಮಾತು ಕಮ್ಮಿಯಾಯಿತು. ಮತ್ತೆ ಪೂರ್ತಿ ನಿಂತಿತು. ನಾನು ಬತ್ತಿ ಕೆಳಗಿಟ್ಟೆ. ಆಮೇಲೆ ಎಲ್ಲರೂ ಒಟ್ಟಿಗೆ ಬೊಬ್ಬೆ ಹಾಕಿದರು, ಚಪ್ಪಾಳೆ ತಟ್ಟಿದರು. ಒಬ್ಬ ಅಳುತ್ತಿದ್ದ ಅಂತ ಕಾಣುತ್ತದೆ. ತಾಯಿ, ಮಗು ಇಬ್ಬರೂ ಕ್ಷೇಮ."

ಬಿಸಿನೀರು ಕಾಯಿಸಿ ನನ್ನ ತಲೆಗೆ ಅವರೇ ಹೊಯ್ದರು. ಕೂದಲಿನಿಂದ ಕೆಂಪು ಇಳಿಯುವಾಗ ಮೆಲ್ಲ ಹೇಳಿದರು: "ಕುಜನೂ ಪಾಪ. ಇಷ್ಟು ಕಾಲ ಅವನಲ್ಲಿಗೂ ಯಾರೂ ಬಂದು ನಿಂತಿರಲಿಲ್ಲ. ನಮ್ಮ ವಾಸಂತಿಯ ಹಾಗೆಯೇ." ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನದ್ದೆಂದು ಅವರು ತಿಳಿದುಕೊಂಡರು. ಮೊದಲಿನಂತೆ ನಾನು ತಿದ್ದಲು ಹೋಗಲಿಲ್ಲ.

ಈಗ ನಮ್ಮ ಬೀದಿಗೂ ಟಿ.ವಿ. ಬಂದಿದೆ. ಲೀಲಕ್ಕನ ಮನೆಯಲ್ಲಿ ರಾಕೆಟ್ಟು ಹಾರುವುದನ್ನು ತೋರಿಸಿದರೆ ನಾವೆಲ್ಲ ಅಲ್ಲಿ ಸೇರುತ್ತೇವೆ. ಅತ್ತೆಗೆ ಮುಂದಿನ ಕುರ್ಚಿ. ಅವರು ಹೊಸಬರಿಗೆ ಹೇಳುತ್ತಾರೆ, "ಇದೇನು ಮಹಾ! ಕುಜನಲ್ಲಿಗೆ ಇಳಿದದ್ದನ್ನು ನಾನು ಆಗಿಂದಾಗಲೇ ಕೇಳಿದವಳು." ಎಲ್ಲರೂ ಬಾಯಿ ಬಿಟ್ಟು ಕೇಳುತ್ತಾರೆ. ನಾನೂ ಕೇಳುತ್ತೇನೆ, ನನಗೂ ಬೇರೆ ಆಧಾರವಿಲ್ಲವಲ್ಲ. ಯಾರಾದರೂ ನನ್ನ ಕಡೆ ತಿರುಗಿ, "ನೀವು ಆಗ ಎಲ್ಲಿದ್ದಿರಿ?" ಎಂದು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಧಾರಾಳವಾಗಿ ಹೇಳುತ್ತಾರೆ: "ಮಿಲ್ಲು ನಿಲ್ಲಿಸಿದ್ದು ಇವಳೇ ಅಲ್ಲವಾ!"

ನಿಜ, ಗ್ರಹಯಾನದ ಚರಿತ್ರೆಯಲ್ಲಿ ನನ್ನ ಪಾಲು ಅಷ್ಟೇ. ಮೆಣಸಿನ ಮಿಲ್ಲೊಂದನ್ನು ಎರಡು ಸಲ ನಿಲ್ಲಿಸಿದೆ. ಅದರಲ್ಲಿ ಒಂದು ಸಲ ನಾನು ಹೊತ್ತು ತಪ್ಪಿದೆ, ಇನ್ನೊಂದು ಸಲ ಜಾಗ.