ಯಮನನ್ನು ತಪ್ಪಿಸಿದ ಗೋಡೆ

ಹಗಲುಗನಸು ಕಾಣುವವರ ಕೈಗೆ ಅಳತೆಯ ಟೇಪು ಕೊಡಬಾರದು. ಟೇಪಿನ ತುದಿ ಎದುರು ಗೋಡೆ ಮುಟ್ಟುವಷ್ಟರಲ್ಲಿ ಅವರು ಅಲ್ಲೊಂದು ಕರ್ಟನ್ ಹಾಕಿ, ಅದಕ್ಕೆ ಎಂಬ್ರಾಯ್ಡರಿ ಮಾಡಿ, ಪಕ್ಕದಲ್ಲಿ ಕುಳಿತು ಟೀ ಕುಡಿಯುತ್ತಿರುತ್ತಾರೆ. ಅನುಭವದ ಮಾತು.

ನಂಜನಗೂಡಿನ ನಮ್ಮ ಮನೆಯ ಹಾಲ್‌ಗೆ ಕಪಿಲೆಯ ಕಡೆ ಇರುವುದು ಒಂದೇ ಕಿಟಕಿ. ತೆಂಗಿನ ಮರಗಳ ಸಂದಿಯಲ್ಲಿ ಹೊಳೆ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಯಾರೋ ಸ್ಯಾಟಿನ್ ಬಟ್ಟೆ ಹರವಿ, ಮಡಚಲು ಮರೆತು ಹೋದ ಹಾಗಿರುತ್ತದೆ. ಆ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂರುವುದು ನನ್ನ ಬಹಳ ದಿನದ ಸುಖ. ಊರಿಗೆ ಕೇಬಲ್ ಟೀವಿ ಬಂದ ಕಾಲಕ್ಕೇ ಟಿ. ನರಸೀಪುರದಿಂದ ನನ್ನ ನಾದಿನಿ ಗೌರಮ್ಮನೂ ನಮ್ಮಲ್ಲಿರಲು ಬಂದಳು. ಒಳ್ಳೆಯ ಹೆಂಗಸು. ಆದರೆ ಸೀರಿಯಲ್ಲಿನ ಸೊಸೆ ವಿಷದ ಹಾಲಿನ ಲೋಟ ಎತ್ತಿದರೆ ಸಾಕು, ಇಲ್ಲಿಂದಲೇ ಕುಡಿಯಬೇಡ ಕಣವ್ವ ಎಂದು ಬುದ್ಧಿ ಹೇಳುತ್ತಾಳೆ. ಸೊಸೆ ಕೇಳುವುದಿಲ್ಲ. ನಾನೂ ಓದಿದ ಸಾಲನ್ನೇ ಓದುತ್ತಿರುತ್ತೇನೆ. ಕಾನ್ವೆಂಟಿನಲ್ಲಿ ಸೈಲೆನ್ಸ್ ಎಂಬುದನ್ನು ಒಂದು ಸಬ್ಜೆಕ್ಟಿನ ಹಾಗೆ ಕಲಿತವಳು ನಾನು. ಹಾಲ್‌ಗೆ ಅಡ್ಡಲಾಗಿ ಮರದ ಗೋಡೆ ಹಾಕಿಸಿ, ಕಿಟಕಿಯ ಸಮೇತ ನನಗೊಂದು ಕೋಣೆ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದೆ. ತಾಂಡ್ಯದ ಫ್ಯಾಕ್ಟರಿಯಿಂದ ರಿಟೈರಾಗಿದ್ದ ನಮ್ಮ ಯಜಮಾನರು, ಏನಾದರೂ ಮಾಡಿಕೋ, ನಡುವೆ ನನ್ನನ್ನು ಕರೆಯಬೇಡ ಎಂದರು.

ಮರದ ಲೆಕ್ಕ ತಾನೇ ಹಾಕುತ್ತೇನೆಂದು ಬಡಗಿ ಪುಟ್ಟಾಚಾರಿ ಹೇಳಿದ. ನಾನು ಬಿಡಲಿಲ್ಲ. ನೆಲಕ್ಕೊಂದು, ಮೇಲಕ್ಕೊಂದು ಉದ್ದನೆಯ ಪಟ್ಟಿ. ನಡುವೆ ಎರಡೆರಡು ಅಡಿಗೆ ನೆಟ್ಟಗೆ ಒಂದೊಂದು. ನಾಲ್ಕಡಿಯ ಪ್ಲೈವುಡ್ಡಿನ ಅಂಚು ಸರಿಯಾಗಿ ಪಟ್ಟಿಯ ಮೇಲೇ ಬಂದು ಕೂರಬೇಕು. ಗೋಡೆ ಹದಿನಾಲ್ಕು ಅಡಿ. ಎರಡರಿಂದ ಭಾಗಿಸಿ ಏಳು ಎಂದೆ. ಸಮಾಧಾನಕ್ಕೆ ಟೀಪಾಯಿಯ ಮೇಲೆ ಬೆಂಕಿಕಡ್ಡಿ ಜೋಡಿಸಿ ನೋಡಿದರೆ ಕೊನೆಯ ತುದಿ ಬೋಳು. ಎಂಟು ಬೇಕು. ಗಣಿತದ ಸಿಸ್ಟರ್ ಸ್ವರ್ಗದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡಿರಬೇಕು.

ಅಷ್ಟರಲ್ಲಿ ಅಡ್ವರ್ಟೈಸ್‌ಮೆಂಟ್ ಬಂತು, ಗೌರಮ್ಮನೂ ಬಂದಳು. ಕಡ್ಡಿಗಳನ್ನು ಬೆರಳಿನಿಂದ ಮುಟ್ಟುತ್ತಾ ಇಂದ್ರ, ಯಮ, ರಾಜ, ಮತ್ತೆ ಇಂದ್ರ, ಯಮ, ರಾಜ ಎಂದು ಎಣಿಸಿದಳು. ನಮ್ಮ ಕಡೆ ಜಂತೆಯನ್ನೂ ಮೆಟ್ಟಿಲನ್ನೂ ಎಣಿಸುವುದು ಹೀಗೆಯೇ. ಕೊನೆಯದು ಯಮನ ಪಾಲಿಗೆ ಬರಬಾರದು. ನನ್ನ ಎಂಟನೆಯದು ಅವನದೇ.

"ಯಮನ್ ಮ್ಯಾಲೆ ನಿಂತ್ಕತ್ತಲ್ಲ ಅತ್ತಿಗೆ. ಮನಿಕ್ಕಳೋ ಜಾಗ, ಬ್ಯಾಡ ಕಣಿ."

ನಾನ್ಸೆನ್ಸ್ ಎಂದೆ, ಮನಸ್ಸಿನಲ್ಲಿ. ಅಷ್ಟರಲ್ಲಿ ಯಜಮಾನರು ಬಿ.ಪಿ. ಮಾತ್ರೆ ನುಂಗುತ್ತಿರುವುದು ಕಣ್ಣಿಗೆ ಬಿದ್ದು, ನನ್ನ ವಿಚಾರವಾದ ಮೆತ್ತಗಾಯಿತು. ಒಂಬತ್ತು ಹಾಕಿದರೆ ಸಂದು ಕಿರಿದಾಗಿ ಪ್ಲೈವುಡ್ಡಿನ ಅಂಚು ಗಾಳಿಯಲ್ಲಿ ನಿಲ್ಲುತ್ತದೆ, ಇಲ್ಲವೇ ಗೋಡೆ ಎರಡು ಅಡಿ ಉದ್ದವಾಗಬೇಕು ಎಂದ ಆಚಾರಿ. ಹಾಲ್ ಅನ್ನು ಎಳೆದು ಉದ್ದ ಮಾಡಲಾದೀತೇ? ಗೌರಮ್ಮನ ಹತ್ತಿರ ಉತ್ತರವಿತ್ತು. ಸೀರೆಯ ನೆರಿಗೆಯ ಹಾಗೆ ನಡುವೆ ಒಂದು ಮಡಿಕೆ ಹಾಕಿ ಎಂದಳು. ಗೋಡೆ ನೇರ ಹೋಗಿ, ಎರಡು ಅಡಿ ಪಕ್ಕಕ್ಕೆ ಸರಿದು, ಮತ್ತೆ ನೇರ ಹೋಗುವುದು. ಹದಿನಾರು ಅಡಿ, ಒಂಬತ್ತು ಪಟ್ಟಿ, ಕೊನೆಯವನು ರಾಜ. ಯಾರಿಗೂ ನಷ್ಟವಿಲ್ಲ.

ಮಡಿಕೆ ಯಾವ ಕಡೆಗೆ ಎಂದು ಪುಟ್ಟಾಚಾರಿ ಕೇಳಿದ. ಆಗ ನಾನು ಆ ಮೂಲೆಯಲ್ಲೊಂದು ಪುಟ್ಟ ಬುಕ್‌ಶೆಲ್ಫ್ ಇಟ್ಟು, ಅದರ ಮೇಲೆ ಫರ್ನ್ ಗಿಡದ ಕುಂಡ ಇಡುತ್ತಿದ್ದೆ. ನಿನ್ನಿಷ್ಟಪ್ಪ ಎಂದುಬಿಟ್ಟೆ.

ಗೌರಮ್ಮನ ಕಡೆ ಟೀವಿ ಸ್ಟ್ಯಾಂಡ್ ಅಡ್ಡವಿತ್ತು. ಅವನು ಮಡಿಕೆಯನ್ನು ನನ್ನ ಕಡೆಗೆ ತಿರುಗಿಸಿದ. ನಾನು ಮದುವೆಯೊಂದಕ್ಕೆ ಬನ್ನೂರಿಗೆ ಹೋಗಿ ಬರುವಷ್ಟರಲ್ಲಿ ಪ್ಲೈವುಡ್ಡೂ ಕೂತಿತ್ತು. ಗೋಡೆ ಕಿಟಕಿಯನ್ನು ಬಳಸಿಕೊಂಡು ಎರಡು ಅಡಿ ಈಚೆಗೆ ಬಂದಿತ್ತು. ಕಿಟಕಿ ಪೂರ್ತಿ ಆಚೆಗೆ. ಅದರ ಸರಳು ಹಿಡಿದು ಗೌರಮ್ಮ ನಿಂತಿದ್ದಳು. ಜಗಳಕ್ಕೆಂದೇ ನಾನು ಹೋಗಿದ್ದು.

"ನರಸೀಪುರದಲ್ಲಿ ಯಾವಾಗ್ಲೂ ಬತ್ತದ ಕಣಜದ ಪಕ್ಕ ಪಡಸಾಲೇಲೇ ಮನಗ್ತಿದ್ದೆ ಅತ್ತಿಗೆ," ಎಂದಳು, ತಿರುಗಿ ನೋಡದೆ. "ನಂದು ಅಂತ ಕಿಟ್ಕಿ ಇದೇ ಮೊದ್ಲು."

ನಾನು ತಂದ ಮದುವೆಯ ಲಾಡು ಅವಳ ಕೈಗಿಟ್ಟು ಬಂದೆ.

ಈಗ ನನಗೆ ಪರಿಪೂರ್ಣ ಪ್ರೈವಸಿ ಇದೆ, ಟ್ಯೂಬ್‌ಲೈಟಿನ ಕೆಳಗೆ. ಹೊಳೆ ಸಿಕ್ಕ ಮೇಲೆ ಗೌರಮ್ಮ ಸೀರಿಯಲ್ ಮರೆತಿದ್ದಾಳೆ. ಮಧ್ಯಾಹ್ನ ಆಚೆ ಕಡೆ ಎಂಥ ಮೌನವೆಂದರೆ, ನನಗೆ ಓದಲಾಗುವುದಿಲ್ಲ. ಈಗ ನೀರು ಯಾವ ಬಣ್ಣಕ್ಕಿದೆಯೋ, ದೋಣಿ ಬಂದಿದೆಯೋ ಎಂದು ಮನಸ್ಸು ಪ್ಲೈವುಡ್ ಕೆರೆಯುತ್ತಿರುತ್ತದೆ. ನಿನ್ನೆ ತಡೆಯಲಾರದೆ ಎದ್ದು, ಕಾನ್ವೆಂಟಿನ ಮರ್ಯಾದೆ ಬಿಡದೆ, ಆಚಾರಿ ಗೋಡೆಯಲ್ಲಿ ಬಿಟ್ಟಿದ್ದ ಪುಟ್ಟ ಬಾಗಿಲು ತಟ್ಟಿ ಮೇ ಐ ಕಮ್ ಇನ್ ಎಂದೆ. ತಳ್ಳಿದೆ, ಬಾಗಿಲು ತೆರೆಯಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ಇನ್ನೊಮ್ಮೆ ಜೋರಾಗಿ ತಟ್ಟಿದೆ.

"ತೆಗ್ದ್ಕಂಡ್ ಬನ್ನಿ ಅತ್ತಿಗೆ," ಎಂದಳು ಆಚೆಯಿಂದ ಗೌರಮ್ಮ, "ಚಿಲ್ಕ ಇರೋದು ನಿಮ್ ಕಡೀಕೇ ಅಲ್ವಾ."