ಕಾಶಿಯಲ್ಲಿ ಬಿಟ್ಟ ಇಂಗ್ಲಿಷ್

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಕೌತಾಳಂ ರಸ್ತೆಯ ಹೊಲಗಳಲ್ಲಿ ಹತ್ತಿ ಯಾವುದು, ಮಂಜು ಯಾವುದು ಎಂದು ಬೇರೆ ಮಾಡಲು ದೇವರೇ ಬರಬೇಕಿತ್ತು. ಶ್ರೀರಾಮುಲು ಮೇಷ್ಟ್ರು ಮನೆಯ ಮುಂದೆ ನಿಂತು, ಶಾಲು ಬಿಗಿದುಕೊಂಡು, ರಸ್ತೆಯ ಕಡೆ ನೋಡಿ ತಮ್ಮಷ್ಟಕ್ಕೆ ಹೇಳಿಕೊಂಡರು. "ಆದೋನಿ ಬಸ್ಸು ಇವತ್ತು ಲೇಟು."

ಮಂಜಿನೊಳಗಿಂದ ಒಂದು ಧ್ವನಿ ಬಂತು. "ಅಯ್ಯೋರ, ಎರಡು ಮಾತು ಇಂಗ್ಲೀಷು."

ಪಕ್ಕದ ಮನೆಯ ಪಕೀರಮ್ಮ. ಮೇಷ್ಟ್ರು ಕನ್ನಡ ಕಲಿಸುವ ಶಾಲೆಯಲ್ಲೇ ಮಧ್ಯಾಹ್ನದ ಊಟ ಬೇಯಿಸುವಾಕೆ. ಹೋದ ವಾರವಷ್ಟೇ ಇಬ್ಬರೂ ಊರವರ ಜೊತೆ ಕಾಶಿಗೆ ಹೋಗಿ ಬಂದಿದ್ದರು. ಅಲ್ಲಿಂದ ಆಕೆ ಎರಡು ವಸ್ತು ತಂದಿದ್ದಳು: ಒಂದು ತಂಬಿಗೆ ಗಂಗೆ, ಮತ್ತು ಮೇಷ್ಟ್ರ ನಾಲಿಗೆಯ ಕಾವಲು.

ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದ ಒಂದನ್ನು ಗಂಗೆಗೆ ಬಿಟ್ಟು ಬರಬೇಕು. ಎದೆಮಟ್ಟದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ನೀರು ಹಿಡಿದು, ಹೆಸರು ಹೇಳಿ ನೀರು ಬಿಟ್ಟರೆ ಆಯಿತು, ಸಾಯುವ ತನಕ ಅದನ್ನು ಮುಟ್ಟುವಂತಿಲ್ಲ. ಪಕೀರಮ್ಮ ಹಾಗಲಕಾಯಿ ಬಿಟ್ಟಳು. ಹುಟ್ಟಿದಾಗಿನಿಂದ ಅದನ್ನು ಕಂಡರೆ ಮುಖ ಕಿವುಚುವಾಕೆ. ಮೇಷ್ಟ್ರ ಸರದಿ ಬಂದಾಗ, ಅವರ ಮನಸ್ಸು ತಾವು ಪ್ರೀತಿಸುವ ಒಂದೊಂದನ್ನೂ ಮುಟ್ಟಿ, ಕೋಳಿ ಮರಿಗಳನ್ನು ರೆಕ್ಕೆಯಡಿಗೆ ಎಳೆದುಕೊಂಡಂತೆ ಒಳಗೆಳೆದುಕೊಂಡಿತು. ಪುರೋಹಿತರು ಅವಸರ ಮಾಡಿದರು. ಬಾಯಿಗೆ ಬಂದದ್ದು, "ಇಂಗ್ಲಿಷ್ ಬಿಟ್ಟೆ ತಾಯಿ."

ಅಗ್ಗದ ವ್ಯಾಪಾರ ಎಂದು ಆಗ ಅನ್ನಿಸಿತ್ತು. ಜೀವಮಾನವೆಲ್ಲ ಕನ್ನಡ ಕಲಿಸಿದವರು, ಇಂಗ್ಲಿಷ್ ಮಾತಾಡಿದವರಲ್ಲ. ಆಚೆ ದಡ ಎಲ್ಲೋ ದೂರದಲ್ಲಿದ್ದ ಆ ನೀರು ಒಂದು ಮಾತೂ ಆಡದೆ ಅದನ್ನು ತೆಗೆದುಕೊಂಡು ಮುಂದೆ ಹರಿಯಿತು.

ಊರಿಗೆ ಬಂದ ಮೇಲೆ ತಿಳಿಯಿತು, ತಾಯಿ ಎಷ್ಟು ತೆಗೆದುಕೊಂಡಿದ್ದಾಳೆಂದು. ಬಾಯಿಂದ ಫೋನು ಹೋಗಿತ್ತು, ಗ್ಯಾಸು ಹೋಗಿತ್ತು, ಪೆನ್ನು, ಟಿಕೀಟು, ಚಾರ್ಜರು ಎಲ್ಲ ಹೋಗಿದ್ದವು. ಹಿಂದಿನ ಸಂಜೆ ಹೆಂಡತಿ ನಾಗಜ್ಯೋತಿಗೆ "ದೀಪ ಹಾಕು" ಅಂದಾಗ, ಆಕೆ ದೇವರ ಮುಂದೆ ಎಣ್ಣೆ ದೀಪ ಹಚ್ಚಿ ಕೈಮುಗಿದು ಹೋದಳು. ಮೇಷ್ಟ್ರು ಕತ್ತಲಲ್ಲೇ ಉಂಡರು.

"ತಪ್ಪಾತು, ಅವ್ವಾ," ಎಂದು ಮಂಜಿಗೆ ಹೇಳಿ ಅವರು ಶಾಲೆಯ ದಾರಿ ಹಿಡಿದರು.

ಅವರು ಬಸ್ಸಿಗೆ ಕಾದಿದ್ದಕ್ಕೆ ಕಾರಣವಿತ್ತು. ಶಾಲೆಯ ಇಂಗ್ಲಿಷ್ ಮೇಷ್ಟ್ರು ಮಾರಣ್ಣ ಬರುವುದು ಅದರಲ್ಲೇ. ಆವತ್ತು ಮೇಲಿನ ಅಧಿಕಾರಿ ಪದ್ಮಜಾ ಮೇಡಂ ಇಂಗ್ಲಿಷ್ ಪಾಠ ನೋಡಲು ಬರುವವರಿದ್ದರು. ಗಡಿಯಾಚೆಯ ಈ ತೆಲುಗು ನಾಡಿನ ಶಾಲೆಯಲ್ಲಿ ಕನ್ನಡ ವಿಭಾಗದ ಮಕ್ಕಳಿಗೆ ಇಂಗ್ಲಿಷ್ ಹತ್ತುವುದಿಲ್ಲ ಎಂದು ದೂರು ಹೋಗಿತ್ತು. ಅದು ನಿಜವೆಂದು ಅವರಿಗೆ ಕಂಡರೆ ಈ ವರ್ಷಕ್ಕೆ ಕನ್ನಡ ವಿಭಾಗ ಮುಚ್ಚುತ್ತದೆ.

ಹೆಡ್‌ಮಿಸ್ಟ್ರೆಸ್ ಶೋಭಾರಾಣಿ ಬಾಗಿಲಲ್ಲೇ ಸಿಕ್ಕರು. "ಮಾರಣ್ಣ ಫೋನ್ ಮಾಡಿದ್ದ. ಮಂಜಿಗೆ ಬಸ್ಸು ಆದೋನಿ ಬಿಟ್ಟೇ ಇಲ್ಲಂತ. ಮೇಡಂ ಆಗಲೇ ಬಂದು ಕುಂತಾರ. ಪಾಠ ನೀವೇ ಮಾಡ್ರಿ."

"ನಾನು ಆ ಭಾಷಿ ಬಿಟ್ಟೀನ್ರಿ."

"ಯಾವಾಗ ಹಿಡದಿದ್ರಿ, ಬಿಡಾಕ?"

"ಕಾಶಿಯಾಗ ನೀರು ಬಿಟ್ಟೀನಿ."

ಶೋಭಾರಾಣಿ ಕೈಯಲ್ಲಿದ್ದ ಡಬ್ಬಿಯಿಂದ ಒಂದು ಸೀಮೆಸುಣ್ಣ ತೆಗೆದರು. ಆಮೇಲೆ ಮೆಲ್ಲಗೆ, "ಸಾರ್, ವಿಭಾಗ ಹೋದ್ರ ಈ ಮಕ್ಳು ಕನ್ನಡ ಅಕ್ಷರ ಎಲ್ಲಿ ಕಲೀತಾವ? ಗಂಗಮ್ಮ ತಾಯಿನೂ ಅದನ್ನ ಕೇಳ್ತಾಳ," ಎಂದು ಸೀಮೆಸುಣ್ಣ ಕೈಗಿಟ್ಟು ಹೋದರು.

ಕಪ್ಪುಹಲಗೆಯ ಮೇಲೆ ಮಾರಣ್ಣ ಹಿಂದಿನ ದಿನವೇ ಬರೆದಿಟ್ಟಿದ್ದ: ಗಿವ್ ಅಪ್. ಅದರ ಕೆಳಗೆ, ಅರ್ಥಗಳನ್ನೂ ಸಮಾನ ಪದಗಳನ್ನೂ ಹೇಳಿ. ಹಿಂದಿನ ಬೆಂಚಿನಲ್ಲಿ ಪದ್ಮಜಾ ಮೇಡಂ. ಕಿಟಕಿಯಲ್ಲಿ ಸೌಟು ಹಿಡಿದ ಪಕೀರಮ್ಮ, ಯಮನ ಕಚೇರಿಯ ಸಾಕ್ಷಿಯಂತೆ.

ಮೇಷ್ಟ್ರು ಹಲಗೆಯನ್ನು ಬೆರಳಿನಿಂದ ತೋರಿಸಿದರು. ಮಕ್ಕಳು ಒಕ್ಕೊರಲಿನಿಂದ ಓದಿದರು. ಅಲ್ಲಿಗೆ ಮೇಷ್ಟ್ರ ಬಂಡವಾಳ ಮುಗಿಯಿತು.

"ಏಂಡಿ ಸಾರ್, ಮಾಟ್ಲಾಡರಾ?" ಎಂದು ಮೇಡಂ ತೆಲುಗಿನಲ್ಲಿ ಕೇಳಿ, ಮತ್ತೆ ಕನ್ನಡಕ್ಕೆ ಬಂದರು. "ಮಾತಾಡ್ರಿ, ಪಾಠ ಐತೋ ಇಲ್ಲೋ?"

ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ? ಮೇಷ್ಟ್ರು ಸೀಮೆಸುಣ್ಣವನ್ನು ಬೀಡಿಯಂತೆ ತುಟಿಗಿಟ್ಟರು. ಎಳೆದರು, ಕೆಮ್ಮಿದರು, ಎದೆ ಹಿಡಿದು ಬಗ್ಗಿದರು. ಆಮೇಲೆ ಅದನ್ನು ದೂರ ಎಸೆದು, ಕೆನ್ನೆಗೆ ಬಡಿದುಕೊಂಡರು.

"ಬೀಡಿ ಬಿಟ್ಟ್ರು," ಅಂದ ಒಬ್ಬ. "ಸ್ಟಾಪ್," ಅಂದಳು ಇನ್ನೊಬ್ಬಳು. "ಕ್ವಿಟ್," ಎಂದಿತು ಮೂಲೆಯ ಧ್ವನಿ.

ಮೇಷ್ಟ್ರಿಗೇ ಬೆರಗಾಯಿತು. ತಾವು ಬಾಯಿ ಬಿಡದೆ ಇಂಗ್ಲಿಷ್ ಹುಟ್ಟುತ್ತಿದೆ. ಈ ಸಲ ಅವರು ತೊಡೆ ತಟ್ಟಿ ಗಾಳಿಯೊಡನೆ ಕುಸ್ತಿಗಿಳಿದರು. ಗಾಳಿ ಬಲವಾಗಿತ್ತು. ಮೇಷ್ಟ್ರು ನೆಲಕ್ಕೆ ಬಿದ್ದು ಎರಡೂ ಕೈ ಎತ್ತಿದರು. "ಸೋತ್ರು, ಶರಣಾದ್ರು, ಸರೆಂಡರ್," ಎಂದು ಇಡೀ ತರಗತಿ ಕುಣಿಯಿತು. ಎದ್ದು ಹೋಗಿ ಕುರ್ಚಿಯಲ್ಲಿ ಕುಳಿತು ಬಸ್ಸಿನಲ್ಲಿದ್ದಂತೆ ಅಲುಗಾಡಿದರು. ಮುದುಕಿಯೊಬ್ಬಳು ಹತ್ತಿದಳೆಂಬಂತೆ ಎದ್ದು ಜಾಗ ಕೊಟ್ಟರು. "ಬಿಟ್ಟುಕೊಟ್ಟ್ರು. ಸೀಟ್ ಗಿವ್ ಅಪ್." ಕಳೆದುಹೋದ ಕುರಿಯನ್ನು ಬೆಂಚುಗಳ ಕೆಳಗೆಲ್ಲ ಹುಡುಕಿ, ಕೊನೆಗೆ ತಲೆಯ ಮೇಲೆ ಕೈಹೊತ್ತು ಕುಳಿತರು. "ಆಸಿ ಬಿಟ್ಟ್ರು. ಲೂಸ್ ಹೋಪ್."

ಎರಡು ಪುಟ್ಟ ಮಾತುಗಳು. ಅದರೊಳಗೆ ಬಿಡುವವನೂ ಇದ್ದಾನೆ, ಸೋತವನೂ ಇದ್ದಾನೆ, ಒಪ್ಪಿಸುವವನೂ ಇದ್ದಾನೆ, ಆಸೆ ಕಳೆದುಕೊಂಡವನೂ ಇದ್ದಾನೆ. ಒಂದು ತಂಬಿಗೆಯಲ್ಲಿ ಇಡೀ ನದಿ ಕುಳಿತ ಹಾಗೆ. ಇಂಥದ್ದನ್ನು ತಾವು ಹಗುರವೆಂದು ತಿಳಿದರಲ್ಲ ಎಂದು ಮೇಷ್ಟ್ರು ನಾಚಿದರು.

"ಇನ್ನೊಂದು ಐತಿ," ಎಂದರು ಮೇಡಂ ಹಿಂದಿನಿಂದ.

ಮೇಷ್ಟ್ರು ಕಣ್ಣು ಮುಚ್ಚಿದರು. ಅವರಿಗೆ ತಿಳಿಯದೆಯೇ ಕೈಗಳು ಬೊಗಸೆಯಾದವು. ಇಲ್ಲದ ನೀರನ್ನು ಎತ್ತಿ, ಹಣೆಯ ತನಕ ತಂದು, ನಿಧಾನವಾಗಿ ಬೆರಳು ಸಡಿಲಿಸಿದರು. ಪಲ್ಲವಿ ಎಂಬ ಹುಡುಗಿ ಎದ್ದು ನಿಂತು ಬಹಳ ಮೆಲ್ಲಗೆ ಹೇಳಿದಳು. "ಸ್ಯಾಕ್ರಿಫೈಸ್. ತ್ಯಾಗ ರೀ. ನಮಗ ಬೇಕಾಗಿರೋದನ್ನ ಕೊಡೋದು."

ಬೇಕಾಗಿರೋದನ್ನ. ಮೇಷ್ಟ್ರು ಕಣ್ಣು ತೆರೆದಾಗ ಪಕೀರಮ್ಮ ಕಿಟಕಿಯಲ್ಲಿ ಮುಖ ತಗ್ಗಿಸಿದ್ದಳು. ಹಾಗಲಕಾಯಿ ಆಕೆಗೂ ನೆನಪಾಗಿರಬೇಕು.

ಮೇಡಂ ಎದ್ದು ಬಂದು ಕೈಮುಗಿದರು. "ನಿಮ್ಮ ವಿಭಾಗ ಮುಚ್ಚಂಗಿಲ್ಲ, ಸಾರ್. ಆದ್ರ ಒಂದು ಮಾತು. ಮುಂದಿನ ವಾರ ಆದೋನಿಯಾಗ ಇಂಗ್ಲಿಷ್ ಟೀಚರ್‌ಗಳಿಗೆಲ್ಲ ಟ್ರೈನಿಂಗ್ ಐತಿ. ನೀವೇ ಬಂದು ಕಲಿಸಬೇಕು. ಈ ವಿಭಾಗ ಯಾಕ ಉಳಿಸಿದ್ರಿ ಅಂತ ಮ್ಯಾಲಿನವ್ರು ಕೇಳಿದ್ರ, ನಾನು ನಿಮ್ಮನ್ನೇ ತೋರಿಸಬೇಕು."

ಮೇಷ್ಟ್ರು ಲೆಕ್ಕ ಹಾಕಿದರು. ಊರಿನ ಮಕ್ಕಳ ಮುಂದೆ ಹೇಗೋ ನಡೆಯಿತು, ಇಂಗ್ಲಿಷ್ ಟೀಚರುಗಳ ಮುಂದೆ ಬಾಯಿ ಬಿಡದೆ ನಡೆದೀತೆ? ಅಷ್ಟರಲ್ಲಿ ಎಲ್ಲರಿಗೂ ತಿಂಡಿ ಬಂತು. ಅವರು ತಮ್ಮ ಪ್ಲೇಟು ಹಿಡಿದು, ಲೋಟದ ನೀರು ತೆಗೆದುಕೊಂಡು ಹಜಾರದಲ್ಲಿದ್ದ ಪಕೀರಮ್ಮನ ಬಳಿಗೆ ಹೋದರು.

"ಅವ್ವಾ, ನೀರು ಬಿಟ್ಟಿದ್ದನ್ನ ತಿರುಗಿ ತಗೊಳ್ಳಾಕ ದಾರಿ ಐತೇನು?"

ಪಕೀರಮ್ಮ ಯೋಚಿಸಿದಳು. "ಐತಿ ಅಂತಾರ. ಅದಕ್ಕಿಂತ ಹೆಚ್ಚಿಂದು ಕೊಡಬೇಕಂತ. ಮನಸಿಗೆ ಹತ್ತಿದ್ದು." ಆಕೆಯ ಕಣ್ಣು ಪ್ಲೇಟಿನ ಮೇಲೆ ನಿಂತಿತು.

ಪ್ಲೇಟಿನಲ್ಲಿ ಮಂಡಕ್ಕಿಯ ಬಿಸಿ ಒಗ್ಗಾಣಿ, ಪಕ್ಕದಲ್ಲಿ ಹೊಟ್ಟೆ ಸೀಳಿ ಈರುಳ್ಳಿ ತುಂಬಿದ ಮೆಣಸಿನಕಾಯಿ ಬಜ್ಜಿ. ಗಂಗೆಯ ನೀರಿನಲ್ಲಿ ನಿಂತಿದ್ದಾಗ ಮೇಷ್ಟ್ರ ಮನಸ್ಸು ಎಲ್ಲಕ್ಕಿಂತ ಮೊದಲು ಬಚ್ಚಿಟ್ಟುಕೊಂಡಿದ್ದು ಈ ಬಜ್ಜಿಯನ್ನೇ. ಅವರು ಪ್ಲೇಟನ್ನು ಕಟ್ಟೆಯ ಮೇಲಿಟ್ಟು, ಕಾಶಿ ಇರುವ ಉತ್ತರಕ್ಕೆ ತಿರುಗಿದರು. ಅಂಗೈಗೆ ನೀರು ಹಾಕಿಕೊಂಡು, "ತಾಯಿ, ಆ ಭಾಷಿ ನನಗ ಕೊಡು, ಇದನ್ನ ನೀನು ತಗೋ," ಎಂದು ಬಿಟ್ಟರು.

ಒಳಗೆ ಹೋಗಿ ಎದೆ ಸೆಟೆಸಿ ನಿಂತರು. "ಥ್ಯಾಂಕ್ಯೂ ಮೇಡಂ. ಐ ಆಮ್ ರೆಡಿ. ಟ್ರೈನಿಂಗ್ ಕಮಿಂಗ್."

ಮೇಡಂ ಗಾಬರಿಯಾಗಿ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಸಾರ್, ಅದೊಂದು ಬ್ಯಾಡ. ನಿಮ್ಮ ವಿದ್ಯೆ ಇರೋದೇ ಮಾತಾಡದೇ ಇರೋದ್ರಾಗ. ಟ್ರೈನಿಂಗ್ ಮುಗಿಯೋ ತನಕ ನಿಮ್ಮ ಬಾಯಾಗ ಒಂದು ಇಂಗ್ಲಿಷ್ ಮಾತೂ ಬರಬಾರದು. ಇಲ್ಲಾಂದ್ರ ಎಲ್ಲಾ ಕೆಡ್ತೈತಿ."

ಶೋಭಾರಾಣಿ ನಗು ತಡೆಯಲು ಸೆರಗು ಬಾಯಿಗಿಟ್ಟರು. ಮೇಷ್ಟ್ರು ಮತ್ತೆ ಹಜಾರಕ್ಕೆ ಬಂದರು. ಬಜ್ಜಿಯಿಂದ ಇನ್ನೂ ಹಬೆ ಏಳುತ್ತಿತ್ತು.

ಪಕೀರಮ್ಮ ಹತ್ತಿರ ಬಂದು ಪಿಸುಗುಟ್ಟಿದಳು. "ಅಯ್ಯೋರ, ನೀವು ನೀರು ಬಿಟ್ಟಿದ್ದನ್ನ ನೋಡಿದಾಕಿ ನಾನೊಬ್ಬಾಕೀನೇ. ನಾ ಯಾರಿಗೂ ಹೇಳಂಗಿಲ್ಲ. ಆ ಭಾಷಿ ಬ್ಯಾಡಾತಲ್ಲ ಈಗ, ಬಜ್ಜಿ ತಿಂದ್ಬಿಡ್ರಿ."

ಮೇಷ್ಟ್ರು ಬಜ್ಜಿಯನ್ನು ಬಹಳ ಹೊತ್ತು ನೋಡಿದರು, ಗುಡಿಯಲ್ಲಿ ಮೂರ್ತಿಯನ್ನು ನೋಡುವ ಹಾಗೆ. ಕಾಶಿಯಲ್ಲಿ ಗಂಗೆ ಕೇಳಿದ್ದು ಇದನ್ನೇ. ನೂರಾರು ಹರದಾರಿ ನಡೆದು ಬಂದು ಈ ಹಜಾರದಲ್ಲಿ ಅವಳು ಕೈಚಾಚಿ ನಿಂತಿದ್ದಳು.

ಅವರು ಪ್ಲೇಟನ್ನು ಪಕೀರಮ್ಮನ ಕೈಗಿಟ್ಟರು.