ಹೊಳೆಯುವ ಕೋಳಿಯ ಪರೀಕ್ಷೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಭಾನುವಾರ, ಒಬ್ಬ ಲಿಫ್ಟ್ ರಿಪೇರಿಯವನಿದ್ದ. ಅವನಿಗೆ ಕುದುರೆ ಇರಲಿಲ್ಲ, ಕತ್ತಿ ಇರಲಿಲ್ಲ. ಇದ್ದದ್ದು ಒಂದು ಸ್ಪ್ಯಾನರ್ ಸೆಟ್ಟು, ಒಂದು ಬಾಡಿಗೆ ಕೋಣೆ. ರಾಜಕುಮಾರಿ ಮಾತ್ರ ಇದ್ದಳು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಬಿಳಿ ಕೋಟು ತೊಟ್ಟು, ಎಂಥ ಡಾಕ್ಟರ ಕೈಬರಹವನ್ನೂ ಓದಿಬಿಡುವ ರಾಜಕುಮಾರಿ. ಇವನ ಇಲ್ಲದ ಕೆಮ್ಮಿಗೆ ಆರು ತಿಂಗಳು ಶುಂಠಿ ಪೆಪ್ಪರಮಿಂಟು ಕೊಟ್ಟು ಕೊಟ್ಟು ಸಾಕಾಗಿ, "ಲಿಫ್ಟು, ಇನ್ನೂ ಎಷ್ಟು ದಿನ ಕೆಮ್ತೀಯ? ಅಪ್ಪನ್ನ ಬಂದು ಕೇಳಬಾರದಾ?" ಎಂದು ಅವಳೇ ಬಾಯಿಬಿಟ್ಟಳು.

ಕೇಳಿದ. ಅವಳಪ್ಪ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕತೆಯ ರಾಜರ ಹಾಗೆ ಏಳು ಸಮುದ್ರದಾಚೆಯ ಹೂ ಕಿತ್ತು ತಾ ಎನ್ನಲಿಲ್ಲ. ಸಮುದ್ರ ನೋಡಿ ಬೇಸತ್ತವರು ಪಾಪ.

"ಟೆರಿಯಾಕಿ ಚಿಕನ್ ಗೊತ್ತೇನಯ್ಯಾ? ಜಪಾನಿನವರದ್ದು. ಭಾನುವಾರ ಸರಿಯಾಗಿ ಒಂದು ಗಂಟೆಗೆ ತರಬೇಕು. ಹೋಟೆಲಿಂದ ತಂದ್ಯೋ, ಬಂದ ದಾರೀಲೇ ವಾಪಸ್. ನಿನ್ನ ಕೈಯಾರೆ ಮಾಡಿರಬೇಕು. ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಅಷ್ಟು ಹೊಳೀಬೇಕು."

"ತಂದ್ರೆ, ಅಂಕಲ್?"

"ತಂದ್ರೆ ನಾನು ಅಡ್ಡ ಬರಲ್ಲ."

ನಮ್ಮವನಿಗೆ ಬರುತ್ತಿದ್ದ ಅಡುಗೆ ಮೊಟ್ಟೆ ಬೇಯಿಸುವುದು, ಅದೂ ಮೂರಕ್ಕೆ ಒಂದು ಒಡೆಯುತ್ತಿತ್ತು. ಆದರೂ ಹುಡುಗಿಯ ಮುಖ ನೆನೆದು ಶನಿವಾರವೆಲ್ಲ ಫೋನಿನಲ್ಲಿ ವಿಡಿಯೋ ನೋಡಿದ. ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ಕೋಳಿಯ ಆರು ತೊಡೆಗಳನ್ನು ಮೂಳೆ ಬಿಡಿಸಿ ಹರವಿದ. ಸೋಯಾ ಸಾಸು, ಜೇನುತುಪ್ಪ, ಒಂದಿಷ್ಟು ವಿನೆಗರ್, ತುರಿದ ಶುಂಠಿ, ಜಜ್ಜಿದ ಬೆಳ್ಳುಳ್ಳಿ ಎಲ್ಲ ಕಲಸಿ, ತೊಡೆಗಳನ್ನು ಅದರಲ್ಲಿ ಮುಳುಗಿಸಿದ. ನಾಲ್ಕು ಗಂಟೆ ತಣ್ಣಗೆ ನೆನೆಯಬೇಕು. ಅವನ ಹತ್ತಿರ ಫ್ರಿಜ್ ಇರಲಿಲ್ಲ. ಎದುರು ಮನೆಯ ಟೀಚರಮ್ಮನ ಬಳಿ ಇತ್ತು.

ಟೀಚರಮ್ಮ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ತಿದ್ದುವುದನ್ನು ಬಿಟ್ಟಿರಲಿಲ್ಲ. ದಿನಸಿ ಅಂಗಡಿಯ ಬೋರ್ಡು, ಮಗುವಿನ ನಡಿಗೆ, ಬೇರೆಯವರ ಬಟ್ಟೆ ಒಣಹಾಕಿದ ರೀತಿ, ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ತಪ್ಪು ತುಂಬಿದ ಉತ್ತರಪತ್ರಿಕೆ.

"ಇಡಪ್ಪಾ, ಇಡು. ನನ್ನದು ಅನ್ಕೊಂಡೇ ನೋಡ್ಕೋತೀನಿ," ಎಂದರು.

ಅಲ್ಲೇ ಎಡವಟ್ಟಾದದ್ದು. ಹತ್ತು ಗಂಟೆಗೆ ಅವನು ಹೋಗಿ ಪಾತ್ರೆಯ ಮುಚ್ಚಳ ತೆಗೆದರೆ, ಒಳಗೆ ಆರು ತೊಡೆಗಳು ಈಗ ತಾನೇ ಸ್ನಾನ ಮಾಡಿಸಿದ ಕೂಸುಗಳ ಹಾಗೆ ಬೆಳ್ಳಗೆ, ಸಾಲಾಗಿ ಮಲಗಿದ್ದವು.

"ಟೀಚರಮ್ಮಾ! ಇದರಲ್ಲಿದ್ದ ಕಪ್ಪು ನೀರು?"

"ಅದನ್ನೇ ಹೇಳೋಣ ಅಂತಿದ್ದೆ. ಎಂಥ ಕೊಳಕು ನೀರಪ್ಪಾ ಅದು! ಅಂಗಡಿಯವನು ಯಾವ ಚರಂಡೀಲಿ ಅದ್ದಿ ಕೊಟ್ನೋ ಏನೋ. ಏಳು ಸಲ ತೊಳೆದೆ. ಏಳನೇ ಸಲ ನೀರು ತಿಳಿಯಾಯ್ತು. ಥ್ಯಾಂಕ್ಸ್ ಎಲ್ಲ ಬೇಡ."

ಅವನು ಥ್ಯಾಂಕ್ಸ್ ಹೇಳಲಿಲ್ಲ. ಅಳಲೂ ಇಲ್ಲ. ಎರಡು ಮಹಡಿಯ ನಡುವೆ ನಿಂತ ಲಿಫ್ಟಿನ ಹಾಗೆ ನಿಂತುಬಿಟ್ಟ. ಆಮೇಲೆ ಕೋಣೆಗೆ ಓಡಿ ಬಾಟಲಿಗಳ ತಳದಲ್ಲಿ ಉಳಿದಿದ್ದ ಸಾಸು, ಜೇನುತುಪ್ಪವನ್ನೆಲ್ಲ ಬಗ್ಗಿಸಿ, ತೊಡೆಗಳಿಗೆ ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ಕೈಯಿಂದ ಉಜ್ಜಿ ಉಜ್ಜಿ ನೆನೆಹಾಕಿದ. ನಾಲ್ಕು ಗಂಟೆಯ ಕೆಲಸ ಒಂದೂವರೆ ಗಂಟೆಯಲ್ಲಿ ಆಗಬೇಕಿತ್ತು. "ಬೇಗ ಕುಡೀರಮ್ಮಾ, ಬೇಗ," ಎಂದು ಕೋಳಿಗೇ ದಮ್ಮಯ್ಯ ಹಾಕಿದ.

ಹನ್ನೊಂದೂವರೆಗೆ ತಾರಸಿಯ ಮೇಲೆ ನಾಲ್ಕು ಇಟ್ಟಿಗೆ, ಇದ್ದಿಲು, ಮೇಲೊಂದು ಕಂಬಿಯ ಜಾಲರಿ. ತೊಡೆಗಳು ಚುಂಯ್ ಎಂದವು. ಪಾತ್ರೆಯಲ್ಲಿ ಉಳಿದ ರಸವನ್ನು ಪಕ್ಕದಲ್ಲೇ ಕುದಿಸಿ ಗಟ್ಟಿ ಮಾಡಿಕೊಂಡು, ತಿರುವಿ ಹಾಕಿದಾಗಲೆಲ್ಲ ಬ್ರಷ್ಷಿನಿಂದ ಸವರಿದ. ಸವರಿದಷ್ಟೂ ಕೋಳಿಯ ಮೈಮೇಲೆ ಕಂದು ಬಣ್ಣ ಏರಿತು, ಅಂಚು ಸ್ವಲ್ಪ ಕರಟಿತು, ಬೆಲ್ಲದ ಪಾಕದಂಥ ಘಮ ಎದ್ದಿತು. ಆ ಘಮದ ಹಿಂದೆಯೇ ಮೇಲಿನ ಮನೆಯ ಫೋಟೋಗ್ರಾಫರ್ ಕೂಡ ಎದ್ದು ಬಂದ. ಹೋಟೆಲುಗಳ ಮೆನು ಕಾರ್ಡಿಗೆ ತಿಂಡಿಗಳ ಫೋಟೋ ತೆಗೆಯುವುದು ಅವನ ಕಸುಬು.

"ಏನ್ ಗುರೂ, ಸಮಾಚಾರ?"

"ಮದುವೆ ವಿಷಯ ಅಣ್ಣಾ. ಇದು ಹೊಳೀಬೇಕು. ಹೊಳೆದ್ರೆ ಹುಡುಗಿ, ಇಲ್ದಿದ್ರೆ ಕೆಮ್ಮು."

"ಹೊಳೆಸೋದಾ? ಅದಕ್ಯಾಕ್ ಅಷ್ಟು ಟೆನ್ಶನ್? ನಾನಿಲ್ವಾ?"

ಈ ಮಾತು ನಮ್ಮವನಿಗೆ ಸಾಂತ್ವನದಂತೆ ಕೇಳಿಸಿತು. ಬೆಂದ ತೊಡೆಗಳನ್ನು ತಟ್ಟೆಗೆ ತೆಗೆದಿಟ್ಟು ಡಬ್ಬಿ ತರಲು ಕೆಳಗಿಳಿದ. ಮೇಲೆ ಬಂದು ನೋಡಿದರೆ ನಾಲ್ಕು ತೊಡೆಗಳು ಗಾಜಿನ ಗೋಲಿಗಳಂತೆ ಕಣ್ಣು ಕುಕ್ಕುತ್ತಿವೆ, ಫೋಟೋಗ್ರಾಫರ್ ಐದನೆಯದಕ್ಕೆ ಬ್ರಷ್ ಎತ್ತಿದ್ದಾನೆ!

"ಅಣ್ಣಾ, ಏನದು ಕೈಯಲ್ಲಿ?"

"ಗ್ಲಿಸರಿನ್ನು, ಅದಕ್ಕೊಂಚೂರು ವಾರ್ನಿಷ್ಷು. ನಮ್ ಲೈನಲ್ಲಿ ಎಲ್ರೂ ಹಚ್ತಾರೆ. ಮೂರು ದಿನ ಆದ್ರೂ ಹೀಗೇ ಇರುತ್ತೆ ನೋಡು."

"ಇದನ್ನ ತಿನ್ನಬೇಕು ಅಣ್ಣಾ!"

ಫೋಟೋಗ್ರಾಫರನ ಬ್ರಷ್ಷು ಗಾಳಿಯಲ್ಲೇ ನಿಂತಿತು. "ತಿನ್ನೋಕಾ?" ಎಂದ, ನಿಜವಾಗಿಯೂ ಆಶ್ಚರ್ಯಪಟ್ಟು. ಹನ್ನೆರಡು ವರ್ಷದ ವೃತ್ತಿಯಲ್ಲಿ ತಿನ್ನುವ ಮಾತನ್ನು ಯಾರೂ ಅವನ ಬಳಿ ಎತ್ತಿರಲಿಲ್ಲ.

ಉಳಿದದ್ದು ಎರಡು. ಆ ಎರಡನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಎದೆಗವಚಿಕೊಂಡು ಬೈಕ್ ಹತ್ತಿದ. ಎರಡಾದರೇನು, ಹೊಳೆಯುತ್ತಿವೆಯಲ್ಲ! ಹುಡುಗಿಯ ಕಟ್ಟಡದ ಕೆಳಗೆ ಲಿಫ್ಟಿಗೆ 'ಕೆಟ್ಟಿದೆ' ಎಂಬ ಹಲಗೆ ತೂಗುತ್ತಿತ್ತು. ಶುಕ್ರವಾರ ಅದನ್ನು ತೂಗುಹಾಕಿ, ಸೋಮವಾರ ನೋಡೋಣ ಎಂದು ಹೋದವನು ಇವನೇ. ತನ್ನನ್ನು ತಾನೇ ಬೈದುಕೊಳ್ಳುತ್ತ ಏಳು ಮಹಡಿ ಹತ್ತಿ, ಒಂದಕ್ಕೆ ಎರಡು ನಿಮಿಷ ಇರುವಾಗ ಬಾಗಿಲು ತಟ್ಟಿದ.

ಬಾಗಿಲು ತೆರೆದ ಹುಡುಗಿಯಪ್ಪ ಅವನ ಕೈಹಿಡಿದು ಅಡುಗೆಮನೆಗೆ ಎಳೆದೊಯ್ದು, ಡಬ್ಬಿ ಬಿಚ್ಚಿ, ಎರಡೂ ತೊಡೆಗಳನ್ನು ತಮ್ಮ ಬಾಣಲೆಗೆ ಸುರುವಿ ಒಲೆ ಹಚ್ಚಿದರು. ಮೂಗಿನ ತುದಿಗೆ ಸ್ವಲ್ಪ ಮಸಿಯನ್ನೂ ಬಳಿದುಕೊಂಡರು.

"ಅಂಕಲ್, ಇದೇನು ಮಾಡ್ತಿದೀರಿ?"

"ಶ್! ಮೆಲ್ಲಗೆ. ಮದುವೆಗೆ ಮುಂಚೆ ನಿಮ್ಮ ಆಂಟಿ ಹತ್ರ ಕೊಚ್ಕೊಂಡಿದ್ದೆ ಕಣಯ್ಯಾ, ಜಪಾನಿನ ಬಂದರಲ್ಲಿ ಟೆರಿಯಾಕಿ ಕಲ್ತಿದೀನಿ, ಮಾಡಿ ಬಡಿಸ್ತೀನಿ ಅಂತ. ಇವತ್ತಿಗೆ ಮದುವೆಯಾಗಿ ಮೂವತ್ತು ವರ್ಷ. ಒಂದು ಸಲ ಸಾಸಿಲ್ಲ ಅಂದೆ, ಒಂದು ಸಲ ಸೊಂಟ ನೋವು ಅಂದೆ. ಇವತ್ತು ಮಾಡ್ದೇ ಇದ್ರೆ ಸುಳ್ಳುಗಾರ ಅಂತ ಹಣೆ ಮೇಲೆ ಬರೀತೀನಿ ಅಂದಿದ್ದಾಳೆ."

"ಹಡಗಲ್ಲಿ ಅಡುಗೆ ನಿಮ್ಮದೇ ಅಲ್ವಾ?"

"ಆಲೂಗಡ್ಡೆ ಸಿಪ್ಪೆ ನಂದು," ಎಂದರು ತಗ್ಗಿದ ದನಿಯಲ್ಲಿ. "ಇಪ್ಪತ್ತಾರು ವರ್ಷ."

"ಹಾಗಾದ್ರೆ ಮದುವೆಗೆ ನಿಮ್ಮ ಒಪ್ಪಿಗೆ..."

"ನಂದು ಮೊದಲನೇ ದಿನವೇ ಇತ್ತಲ್ಲೋ! ಆದ್ರೆ ನನ್ನ ಒಪ್ಪಿಗೆಗೆ ಈ ಮನೇಲಿ ಒಂದು ಕಿಟಕೀನೂ ತೆಗಿಯಲ್ಲ."

ಊಟದ ಮೇಜಿನಲ್ಲಿ ಆಂಟಿ ಮೊದಲ ತುಂಡನ್ನು ಬಾಯಿಗಿಟ್ಟರು. ಅಗಿದರು. ಕಣ್ಣು ಮುಚ್ಚಿದರು.

"ರೀ," ಎಂದರು ಆಂಟಿ, ಕಣ್ಣಂಚು ಒದ್ದೆಯಾಗಿ, "ನೀವು ಬರೀ ಬುರುಡೆ ಬಿಡ್ತೀರಿ ಅನ್ಕೊಂಡಿದ್ದೆ. ತಪ್ಪಾಯ್ತು."

ಅಂಕಲ್ ನಾಚಿ ಕೆಂಪಾದರು. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ 'ತಪ್ಪಾಯ್ತು' ಎಂದು ಹೇಳುವ ಕೆಲಸ ಅವರದ್ದೇ ಆಗಿತ್ತು. ಹುಡುಗಿ ನೆಲ ನೋಡುತ್ತ ತುಟಿ ಕಚ್ಚಿಕೊಂಡಿದ್ದಳು.

ಆಂಟಿ ಈಗ ನಮ್ಮವನತ್ತ ತಿರುಗಿದರು. "ನೋಡಪ್ಪಾ, ನೀನು ಒಳ್ಳೆಯ ಹುಡುಗನೇ. ಆದ್ರೆ ನನ್ನ ಮಗಳಿಗೆ ಇಂಥ ಕೈರುಚಿ ಇರೋ ಗಂಡನೇ ಬೇಕು. ನಿಂಗೆ ಇದನ್ನ ಮಾಡೋಕೆ ಬರುತ್ತಾ?"

ಮೇಜಿನ ಆಚೆಯಿಂದ ಅಂಕಲ್ ಅವನನ್ನು ನೋಡಿದರು, ಮುಳುಗುವವನು ದಡ ನೋಡುವ ಹಾಗೆ.

"ಬರಲ್ಲ ಆಂಟಿ," ಎಂದ ನಮ್ಮವನು.

"ಹಾಗಾದ್ರೆ ಭಾನುವಾರ ಭಾನುವಾರ ಬಂದು ಇವರ ಹತ್ರ ಕಲಿ. ಚೆನ್ನಾಗಿ ಬಂದ ದಿನ ಮದುವೆ ಮಾತು."

"ಕಲಿಸ್ತೀನಿ, ಕಲಿಸ್ತೀನಿ," ಎಂದರು ಅಂಕಲ್, ಜೀವ ಬಂದವರ ಹಾಗೆ. "ಬರುವಾಗ ಸಾಮಾನೆಲ್ಲ ಅವನೇ ತರಲಿ. ಸ್ವಲ್ಪ ಮಂದ ಶಿಷ್ಯ, ಆದ್ರೆ ಪರವಾಗಿಲ್ಲ."

ಹುಡುಗಿಗೆ ನಗು ತಡೆಯಲಾಗಲಿಲ್ಲ. ನೀರಿನ ಲೋಟ ಕೊಡುವ ನೆಪದಲ್ಲಿ ಅವನ ಪಕ್ಕಕ್ಕೆ ಬಂದು, "ಮುಂದಿನ ವಾರ ನಾಲ್ಕು ಪೀಸು ತಾ, ನಂಗೂ ಸಿಗಲಿ," ಎಂದು ಪಿಸುಗುಟ್ಟಿದಳು. ಅವನಿಗೂ ನಗು ಬಂತು. ಆ ಹೊತ್ತಿಗೆ ಆಂಟಿ ಎರಡನೆಯ ತೊಡೆಯನ್ನೂ ಮುಗಿಸಿ, ತಟ್ಟೆಯಲ್ಲಿ ಉಳಿದಿದ್ದ ಪಾಕವನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡರು. ಮೂವತ್ತು ವರ್ಷದ ಹಿಂದೆ ಕೊಟ್ಟ ಮಾತು ಅಂತೂ ನಡೆಯಿತು.